‘ಡಿ ಡ್ರೈವ್‌ಗೆ ಹಾಕಿದ್ದೀನಿ’ ಅಂದರೆ ಬ್ಯಾಕಪ್ ಆಯಿತು ಅಂತಲ್ಲ

ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಿಸಬೇಕು ಅಂತಿದ್ದೀರಾ? ಹಾಗಿದ್ದರೆ ಯಾರ ಕೈಗಾದರೂ ಕೊಡುವ ಮುಂಚೆ ಇದನ್ನೊಮ್ಮೆ ಓದಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿದೆ. ಆಮೇಲೆ ಈ ಕೆಲಸಕ್ಕೆ ಕೈಹಾಕುವವರು ಜಾಸ್ತಿ ಆಗಿದ್ದಾರೆ.

ನನ್ನದು ವಿಂಡೋಸ್ 11. ಆನ್ ಆಗುತ್ತಿತ್ತು, ಆದರೆ ಅಪ್‌ಡೇಟ್ ಅರ್ಧಕ್ಕೆ ನಿಂತು ಪದೇ ಪದೇ ಎರರ್ ಕೊಡುತ್ತಿತ್ತು. ರಿಪೇರಿ ಮಾಡುವವರಿಗೆ ಕೊಟ್ಟೆ. ಮನೆಯ ಫೋಟೋಗಳಿವೆ, ಲೆಕ್ಕದ ಫೈಲುಗಳಿವೆ, ಯಾವುದೂ ಹೋಗಬಾರದು ಅಂತ ಒತ್ತಿ ಹೇಳಿದ್ದೆ. “ಏನೂ ಹೋಗಲ್ಲ ಸರ್, ಎಲ್ಲಾ ಡಿ ಡ್ರೈವ್‌ಗೆ ಹಾಕ್ತೀನಿ. ಸಿ ಮಾತ್ರ ಫಾರ್ಮ್ಯಾಟ್ ಮಾಡೋದು” ಅಂದರು. ಲ್ಯಾಪ್‌ಟಾಪ್ ವಾಪಸ್ ಬಂದಾಗ ಡಿ ಡ್ರೈವೇ ಇರಲಿಲ್ಲ. ಇಡೀ ಡಿಸ್ಕಿಗೆ ಒಂದೇ ಸಿ.

ಆಗಿದ್ದಿಷ್ಟು. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ಬೇರೆ ಬೇರೆ ಡಿಸ್ಕ್ ಅಲ್ಲ. ಒಂದೇ ಡಿಸ್ಕನ್ನು ಪಾರ್ಟಿಷನ್ ಮಾಡಿರುತ್ತಾರೆ, ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿದ ಹಾಗೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ, ಅಂದರೆ ಅದರಿಂದಲೇ ಕಂಪ್ಯೂಟರ್ ಶುರು ಮಾಡಿದಾಗ, ವಿಂಡೋಸ್ ಹಾಕುವ ಇನ್‌ಸ್ಟಾಲರ್ ಈ ಸಿ, ಡಿ ಅಕ್ಷರಗಳನ್ನು ತೋರಿಸುವುದೇ ಇಲ್ಲ. ‘ಡಿಸ್ಕ್ 0 ಪಾರ್ಟಿಷನ್ 3’ ಅಂತ ನಂಬರ್ ಬರುತ್ತದೆ. ಯಾವುದು ಯಾವುದು ಅಂತ ಗಾತ್ರ ನೋಡಿ ಗುರುತು ಹಿಡಿಯಬೇಕು. ಆ ಗೊಡವೆಯೇ ಬೇಡ ಅಂತ ಎಲ್ಲವನ್ನೂ ಡಿಲೀಟ್ ಹೊಡೆದು ಮುಂದೆ ಹೋಗುವವರು ಇದ್ದಾರೆ. ನನಗೆ ಸಿಕ್ಕಿದ್ದು ಅಂಥವರೇ.

ರಿಕವರಿ ಸಾಫ್ಟ್‌ವೇರ್‌ನಿಂದ ತೆಗೆಯಬಹುದಲ್ವಾ ಅಂತ ಕೇಳುತ್ತೀರಿ. ಹಳೆ ಹಾರ್ಡ್‌ಡಿಸ್ಕ್ ಆಗಿದ್ದರೆ ಸ್ವಲ್ಪ ಆಸೆ ಇರುತ್ತಿತ್ತು. ನನ್ನದು ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲಿ ಡೇಟಾ ಇಡುವ ಹೊಸ ಬಗೆಯ ಡಿಸ್ಕ್. ಅದರಲ್ಲಿ ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ‘ಟ್ರಿಮ್’ ಅನ್ನುವ ಆದೇಶ ಕಳಿಸುತ್ತದೆ. ಈ ಜಾಗ ಇನ್ನು ಬೇಡ ಅಂತ ಅದರ ಅರ್ಥ. ಡಿಸ್ಕ್ ಆ ಜಾಗವನ್ನು ತಾನೇ ಅಳಿಸಿ ಖಾಲಿ ಮಾಡಿಕೊಳ್ಳುತ್ತದೆ. ಸ್ಕ್ಯಾನ್ ಮಾಡಿಸಿದೆ, ಉಪಯೋಗಕ್ಕೆ ಬರುವಂಥದ್ದು ಏನೂ ಸಿಗಲಿಲ್ಲ. ರಿಪೇರಿಯವರನ್ನು ಕೇಳಿದರೆ ರಸೀದಿಯ ಹಿಂಭಾಗ ತೋರಿಸಿದರು. ಡೇಟಾಗೆ ನಾವು ಜವಾಬ್ದಾರರಲ್ಲ ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಬಾಯಿಮಾತಿನ ಭರವಸೆ ಎಲ್ಲೂ ಅಚ್ಚಾಗಿರಲಿಲ್ಲ!

ಜಾಸ್ತಿ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಅಷ್ಟು ದೂರ ಹೋಗುವ ಮುಂಚೆ ನೋಡಬಹುದಾದ ದಾರಿ ವಿಂಡೋಸ್ ಒಳಗೇ ಇತ್ತು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಅಂತ ಹೋದರೆ ‘ರೀಇನ್‌ಸ್ಟಾಲ್ ನೌ’ ಅನ್ನುವ ಬಟನ್ ಇರುತ್ತದೆ. ಅದು ಫೈಲು, ಆ್ಯಪ್, ಸೆಟ್ಟಿಂಗ್ಸ್ ಎಲ್ಲ ಉಳಿಸಿಕೊಂಡು ವಿಂಡೋಸನ್ನು ಮತ್ತೆ ಹಾಕುತ್ತದೆ. ಅಲ್ಲೇ ಇರುವ ‘ರೀಸೆಟ್ ದಿಸ್ ಪಿಸಿ’ ಬೇರೆ. ಅದರಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿದರೂ ನೀವು ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ‘ಆ್ಯಪ್‌ಡೇಟಾ’ ಅನ್ನುವ ಅಡಗಿಸಿಟ್ಟ ಫೋಲ್ಡರ್ ಕೂಡ ಉಳಿಯಲ್ಲ. ಬ್ರೌಸರಿನ ಬುಕ್‌ಮಾರ್ಕು, ಥಂಡರ್‌ಬರ್ಡ್ ಅನ್ನುವ ಇಮೇಲ್ ಪ್ರೋಗ್ರಾಂನ ಮೇಲ್ ಎಲ್ಲ ಇರುವುದು ಅಲ್ಲೇ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಮಾಡಿದೆ, ಮುಗಿಯಿತು ಅಂದುಕೊಂಡವರು ಸಿಕ್ಕಿಬೀಳುವುದೂ ಇಲ್ಲೇ. ಬ್ರೌಸರ್ ಪಾಸ್‌ವರ್ಡ್‌ಗಳನ್ನಂತೂ ಮೊದಲೇ ಸಿಂಕ್ ಮಾಡಿ, ಇಲ್ಲವೇ ಎಕ್ಸ್‌ಪೋರ್ಟ್ ಮಾಡಿ. ಕ್ರೋಮ್, ಎಡ್ಜ್‌ನಂಥ ಬ್ರೌಸರ್‌ಗಳಲ್ಲಿ ಸುಮ್ನೆ ಫೋಲ್ಡರ್ ಕಾಪಿ ಮಾಡಿದರೆ ಹೊಸ ವಿಂಡೋಸ್‌ನಲ್ಲಿ ಅವು ತೆರೆಯುವುದಿಲ್ಲ.

ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಬಳಸುವವರು ಕಾಪಿ ಮಾಡುವ ಮುಂಚೆ ಫೈಲಿನ ಪಕ್ಕದ ಗುರುತು ನೋಡಿ. ಮೋಡದ ಚಿತ್ರ ಇದ್ದರೆ ಆ ಫೈಲ್ ನಿಮ್ಮ ಡಿಸ್ಕಿನಲ್ಲಿ ಇಲ್ಲ, ಹೆಸರು ಮಾತ್ರ ಇದೆ.

ಪೆನ್‌ಡ್ರೈವ್‌ನಿಂದಲೇ ಹಾಕಬೇಕು ಅಂತಾದರೆ ಮೊದಲು ಎಕ್ಸ್‌ಟರ್ನಲ್ ಡಿಸ್ಕಿಗೆ ಎಲ್ಲ ತುಂಬಿ. ಅದನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ನಾಲ್ಕಾರು ಫೈಲು ತೆರೆದು ನೋಡಿ. ಆ ಡಿಸ್ಕ್ ನಿಮ್ಮ ಹತ್ತಿರವೇ ಇರಲಿ, ಲ್ಯಾಪ್‌ಟಾಪ್ ಜೊತೆ ಕೊಡಬೇಡಿ. ಇನ್‌ಸ್ಟಾಲ್ ಆಗುವಾಗ ಅದು ಚುಚ್ಚಿಕೊಂಡಿದ್ದರೆ ಅದೂ ಪಟ್ಟಿಯಲ್ಲಿ ಬರುತ್ತದೆ, ಅದಕ್ಕೂ ಅದೇ ಗತಿ ಬರಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯ ಇನ್‌ಸ್ಟಾಲರ್ ಫೈಲು, ಆ್ಯಪ್ ಎಲ್ಲ ಅಳಿಸಿಹೋಗುತ್ತವೆ, ಒಪ್ಪಿಗೆಯೇ ಅಂತ ಟಿಕ್ ಕೇಳುತ್ತದೆ. ಅದು ಸುಳ್ಳು ಹೆದರಿಕೆ ಅಲ್ಲ.

ವಿಂಡೋಸ್ ತೆರೆಯುತ್ತಲೇ ಇಲ್ಲವಾದರೂ ಫೈಲು ತೆಗೆಯಬಹುದು. ವಿಂಡೋಸ್ ಥರದ್ದೇ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಒತ್ತಿದರೆ ಒಳಗಿನ ಡಿಸ್ಕ್ ಕಾಣುತ್ತದೆ, ಅಲ್ಲಿಂದ ಕಾಪಿ ಮಾಡಿಕೊಳ್ಳಬಹುದು. ಡಿಸ್ಕನ್ನೇ ಲಾಕ್ ಮಾಡುವ ವಿಂಡೋಸಿನ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಮಾತ್ರ 48 ಅಂಕೆಯ ರಿಕವರಿ ಕೀ ಬೇಕೇ ಬೇಕು. ನಾನು ಬೀಗ ಹಾಕಿಲ್ಲ ಅನ್ನಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಬೀಳುತ್ತದೆ. ಹಾಗಿದ್ದಾಗ ಕೀ ಸಾಮಾನ್ಯವಾಗಿ ಆ ಖಾತೆಯಲ್ಲೇ ಸಿಗುತ್ತದೆ. ಈಗಲೇ ಹುಡುಕಿ ಕಾಗದದ ಮೇಲೆ ಬರೆದಿಡಿ, ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಇಡಬೇಡಿ.