ಮಲ್ಪೆಯ ಮರದ ಬೋಟ್ ಯಾರ್ಡ್: ಸಂದಿ ಕೆಲಸಕ್ಕೆ ಪೂರ್ತಿ ಅಂಕ, ಬಣ್ಣಕ್ಕೆ ಅರ್ಧ

ಉದ್ಯಾವರ ಹೊಳೆಯ ದಂಡೆಯಲ್ಲಿ, ಮಲ್ಪೆ ಬಂದರಿಗೆ ಹತ್ತಿರವೇ ಇರುವ ಈ ಯಾರ್ಡ್‌ಗೆ ಹೆಸರಿನ ಬೋರ್ಡೂ ಇಲ್ಲ. ಆದರೂ ಮರದ ಬೋಟ್ ಇರುವವರು ಮೀನುಗಾರಿಕೆ ರಜೆ ಶುರುವಾಗುವ ಮೊದಲೇ ಇಲ್ಲಿ ಜಾಗ ಹೇಳಿಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಎಲ್ಲ ದುರಸ್ತಿ ಮುಗಿಯಬೇಕು, ಮಳೆ ಸುರಿಯುವುದೂ ಅದೇ ದಿನಗಳಲ್ಲಿ. ಈ ಯಾರ್ಡಿನ ಗುಣ ದೋಷ ಎರಡನ್ನೂ ಈ ಇಕ್ಕಟ್ಟಿನಲ್ಲಿಟ್ಟೇ ನೋಡಬೇಕು.

ಬೋಟ್ ಮೇಲೆ ಬಂದ ಕೂಡಲೇ, ಅಡಿ ಒಣಗುವ ಮೊದಲೇ ಅದಕ್ಕೆ ಅಂಟಿದ ಚಿಪ್ಪು ಕೆರೆಯುತ್ತಾರೆ. ಹಸಿಯಿದ್ದಾಗ ಸುಲಭವಾಗಿ ಬಿಡುವ ಚಿಪ್ಪು ಒಣಗಿದ ಮೇಲೆ ಸಿಮೆಂಟಿನ ಹಾಗೆ ಕೂರುತ್ತದೆ, ಆಗ ಕಿತ್ತರೆ ಮರದ ನಾರೂ ಜೊತೆಗೆ ಬರುತ್ತದೆ. ನಂತರ ಸಿಹಿನೀರು ಹೊಡೆದು, ಒಂದೊಂದು ಹಲಗೆಯನ್ನೂ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಮರ ‘ಟಣ್’ ಅನ್ನುತ್ತದೆ, ಕುಂಬಾದದ್ದು ‘ದಬ್’. ದಬ್ ಅಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ದಬ್ಬಳ ಚುಚ್ಚಿ, ಎಷ್ಟು ಆಳ ಇಳಿಯಿತೆಂದು ಆ ಬೋಟ್‌ನ ದುರಸ್ತಿ ಕಾರ್ಡಿನಲ್ಲಿ ಬರೆಯುತ್ತಾರೆ. ಮರ ಕೊರೆಯುವ ಹಡಗು ಹುಳ ಹೊಕ್ಕ ಹಲಗೆ ಹೊರಗಿನಿಂದ ಸೂಜಿಮೊನೆಯಷ್ಟು ತೂತು ಮಾತ್ರ ತೋರಿಸುತ್ತದೆ. ಸೀಳಿದರೆ ಒಳಗೆ ಸುಣ್ಣ ಬಳಿದಂಥ ಸುರಂಗಗಳು. ಅಂಥ ಹಲಗೆಗೆ ತೇಪೆ ಹಾಕುವ ಮಾತೇ ಇಲ್ಲ, ಪೂರ್ತಿ ಬದಲಾಯಿಸುತ್ತಾರೆ. ಈ ಹಟ ಸರಿಯಾದದ್ದು.

ಇಲ್ಲಿಯ ಆಚಾರ್ರ ಕೈಚಳಕ ಕಾಣುವುದು ಹಲಗೆ ಹಲಗೆಗಳ ನಡುವಿನ ಸಂದಿಯಲ್ಲಿ. ಹಳೆಯ ಹತ್ತಿ, ಪುಟ್ಟಿ ಎಲ್ಲವನ್ನೂ ಕೊಕ್ಕೆಯಿಂದ ತೆಗೆದು, ಹೊರಗೆ ಅಗಲ, ಒಳಗೆ ಕಿರಿದಾಗಿ ಸಂದಿಯನ್ನು ಸವರಿಕೊಳ್ಳುತ್ತಾರೆ. ಹತ್ತಿ ಎಳೆಯನ್ನು ನೇರ ತುರುಕದೆ ಸಣ್ಣ ಸಣ್ಣ ಮಡಿಕೆ ಮಾಡಿ, ಚಪ್ಪಟೆ ಉಳಿ ಇಟ್ಟು ಮರದ ಕೊಡತಿಯಿಂದ ಹೊಡೆಯುತ್ತಾರೆ. ಅಗಲವಾದ ಕಡೆ ಮಡಿಕೆ ಹತ್ತಿರ ಹತ್ತಿರ, ಕಿರಿದಾದ ಕಡೆ ದೂರ ದೂರ. ಸಂದಿಯ ಆಳದಲ್ಲಿ ಸುಮಾರು ಮೂರನೇ ಒಂದು ಪಾಲು ಪುಟ್ಟಿಗೆ ಉಳಿಸುತ್ತಾರೆ. ಪುಟ್ಟಿಗೆ ಮೊದಲು ಹತ್ತಿಗೆ ಪ್ರೈಮರ್ ಕುಡಿಸುತ್ತಾರೆ. ಇಲ್ಲದಿದ್ದರೆ ಒಣ ಹತ್ತಿ ಪುಟ್ಟಿಯ ಎಣ್ಣೆಯನ್ನು ಹೀರಿ, ಪುಟ್ಟಿ ಬಿರಿಯುತ್ತದೆ. ಬಿಗಿ ಎಷ್ಟಿರಬೇಕು ಎಂಬುದೇ ಕಷ್ಟದ ಭಾಗ. ಮೇ ಬಿಸಿಲಿಗೆ ಒಣಗಿದ ಬೋಟ್‌ಗೆ ಗಟ್ಟಿಯಾಗಿ ಹೊಡೆದರೆ ನೀರಿಗಿಳಿದ ಮೇಲೆ ಹಲಗೆ ಉಬ್ಬಿ ಮೊಳೆಯನ್ನೇ ಎತ್ತಿಬಿಡುತ್ತದೆ. ಮಳೆಗೆ ಉಬ್ಬಿದ ಬೋಟ್‌ಗೆ ಸಡಿಲ ಬಿಟ್ಟರೆ ಹತ್ತಿ ಹೊರಗೆ ಬರುತ್ತದೆ. ಕೊಡತಿಯ ಸದ್ದು ಬದಲಾಗುವುದನ್ನು ಕೇಳಿ ನಿಲ್ಲಿಸುವವರು ಇಲ್ಲಿ ಇದ್ದಾರೆ.

ಹಾಯಿ ಹಡಗುಗಳ ಕಾಲದಲ್ಲೂ ಇದೇ ವಿದ್ಯೆ. ಬಾಸ್ಟನ್‌ನಲ್ಲಿ 1797ರ ಅಕ್ಟೋಬರ್ 21ರಂದು ನೀರಿಗಿಳಿದ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಯುದ್ಧನೌಕೆಯಂಥ ಹಡಗುಗಳಲ್ಲಿ ಹಳೆಯ ಹಗ್ಗ ಬಿಡಿಸಿ ಮಾಡಿದ ನಾರನ್ನು ಸಂದಿಗೆ ಹೊಡೆದು, ಮೇಲೆ ಕಾಯಿಸಿದ ರಾಳ ಸುರಿಯುತ್ತಿದ್ದರು. ಮೇಲಟ್ಟವನ್ನು ಮರಳುಗಲ್ಲಿನಿಂದ ಉಜ್ಜುವುದು ನಾವಿಕರ ದಿನನಿತ್ಯದ ಪಾಳಿ. ತಳದಲ್ಲಿ ಎಷ್ಟು ನೀರು ನಿಂತಿದೆ ಎಂದು ಹಡಗಿನ ಬಡಗಿ ಅಳತೆಕೋಲು ಇಳಿಸಿ ನೋಡಿ ಅಧಿಕಾರಿಗೆ ವರದಿ ಮಾಡಬೇಕಿತ್ತು. ತಪ್ಪಿದವರಿಗೆ ಚಾಟಿ. ಅಮೆರಿಕದ 1800ರ ಕಾನೂನು ಕಪ್ತಾನ ತನ್ನೊಬ್ಬನ ಅಧಿಕಾರದಿಂದ 12 ಏಟಿಗಿಂತ ಹೆಚ್ಚು ಹೊಡೆಸಕೂಡದು ಎಂದು ಮಿತಿ ಹಾಕಿತು, 1850ರಲ್ಲಿ ಚಾಟಿಯೇ ರದ್ದಾಯಿತು. ಅಳತೆಕೋಲು ಮಾತ್ರ ಈ ಯಾರ್ಡಿನ ಕಾರ್ಡಿನಲ್ಲಿ ಇನ್ನೂ ಇದೆ: ಬೋಟ್ ಇಳಿಸಿದ ಮೊದಲ ಎರಡು ದಿನ 4 ಗಂಟೆಗೊಮ್ಮೆ ತಳದ ನೀರು ಅಳೆದು ಬರೆಯಲು ಬೋಟ್ ನಡೆಸುವ ತಂಡೇಲರಿಗೆ ಖಾನೆ ಬಿಟ್ಟಿದ್ದಾರೆ. ಮೊದಲ ದಿನ ನೀರು ಒಸರುವುದು ಸಹಜ, ಹಲಗೆ ಉಬ್ಬಿದಂತೆ ಕಡಿಮೆಯಾಗಬೇಕು. ಎರಡನೇ ದಿನವೂ ಅಳತೆ ಏರುತ್ತಿದ್ದರೆ ಯಾವುದೋ ಸಂದಿ ತಪ್ಪಿದೆ. ಬೇರೆಲ್ಲೂ ಸಿಗದ ಈ ಕಾರ್ಡಿಗಾಗಿಯೇ ಇಲ್ಲಿಗೆ ಬರಬಹುದು.

ಬಣ್ಣದ ವಿಷಯಕ್ಕೆ ಬಂದರೆ ಬೇಸರವಾಗುತ್ತದೆ. ಗಾಳಿಯ ತೇವ ಶೇ. 85 ದಾಟಿದಾಗ ಬಣ್ಣ ಹೊಡೆಯಬಾರದು. ನಮ್ಮ ಕರಾವಳಿಯ ಜೂನ್, ಜುಲೈಯಲ್ಲಿ ಅದಕ್ಕಿಂತ ಕೆಳಗೆ ಬರುವ ಹೊತ್ತೇ ಅಪರೂಪ. ಇಲ್ಲಿ ಇರುವುದು ಟಾರ್ಪಾಲು ಮಾತ್ರ. ಅದು ಮಳೆ ತಡೆಯುತ್ತದೆ, ತೇವವನ್ನಲ್ಲ. ಮರದ ತೇವ ಅಳೆಯುವ ಮೀಟರ್ ಕೂಡ ಇವರಲ್ಲಿಲ್ಲ. ಹಸಿ ಮರದ ಮೇಲೆ ಕೂತ ಬಣ್ಣ ಮುಂದೆ ಗುಳ್ಳೆಯೇಳುತ್ತದೆ. ತಾಮ್ರ ಬೆರೆತ ಬಣ್ಣದ ಡಬ್ಬಿಯನ್ನು ಬುಡದಿಂದ ಕಲಕುವ ತಾಳ್ಮೆಯೂ ಹುಡುಗರಿಗೆ ಸಾಲದು. ತಾಮ್ರದ ಪುಡಿ ಭಾರ, ತಳದಲ್ಲಿ ಕೂರುತ್ತದೆ. ಮೇಲಿನ ತೆಳುವಷ್ಟೇ ಹೊಡೆದರೆ ಅದು ಬರೀ ಬಣ್ಣ, ಚಿಪ್ಪು ತಡೆಯುವ ಶಕ್ತಿ ಡಬ್ಬಿಯ ಬುಡದಲ್ಲೇ ಉಳಿಯುತ್ತದೆ.

ಇನ್ನೂ ದೊಡ್ಡ ತಪ್ಪು: ಒಂದು ಬೋಟ್‌ನ ಚುಕ್ಕಾಣಿಯ ಸತು ತುಂಡಿನ ಮೇಲೂ ಬಣ್ಣ ಬಳಿದಿದ್ದರು. ಉಪ್ಪುನೀರಿನಲ್ಲಿ ಎರಡು ಲೋಹ ಕೂಡಿದರೆ ಒಂದು ಕರಗುತ್ತದೆ. ಕಬ್ಬಿಣ ಕರಗದಿರಲೆಂದೇ ಸತು ಕಟ್ಟುವುದು, ಬಣ್ಣ ಬಳಿದರೆ ಅದು ಸತ್ತಂತೆ. ಹಡಗಿನ ಅಡಿಗೆ ತಾಮ್ರದ ತಗಡು ಹೊದಿಸಿದ ಕಾಲದಲ್ಲೂ ಇದೇ ಪಾಠ ಕಲಿಯಬೇಕಾಯಿತು. ತಗಡಿನ ಪಕ್ಕ ಕಬ್ಬಿಣದ ಬೋಲ್ಟ್ ಸವೆಯುತ್ತಿತ್ತು, ಆದ್ದರಿಂದ ಬೋಲ್ಟನ್ನೂ ತಾಮ್ರದಲ್ಲೇ ಮಾಡಿದರು. ಕಾನ್‌ಸ್ಟಿಟ್ಯೂಷನ್‌ಗೆ ಅಂಥ ಬೋಲ್ಟ್‌ಗಳನ್ನೂ, 1803ರಲ್ಲಿ ಹೊಸ ತಗಡನ್ನೂ ಕೊಟ್ಟವರು ಬಾಸ್ಟನ್‌ನ ಲೋಹ ಕೆಲಸಗಾರ ಪಾಲ್ ರಿವಿಯರ್.

ಆದ್ದರಿಂದ ಇಲ್ಲಿ ಕೆಲಸ ಕೊಡುವವರು ಸಂದಿಯ ಕೆಲಸ ಇವರಿಗೇ ಬಿಡಿ, ಬಣ್ಣದ ದಿನ ಮಾತ್ರ ತಪ್ಪದೆ ಎದುರಿಗೆ ನಿಲ್ಲಿ. ತೇವ ಅಳೆಯುವ ಮೀಟರ್ ನೀವೇ ತನ್ನಿ. ಸತು ತುಂಡಿಗೆ ಟೇಪ್ ಸುತ್ತಿಸಿ, ಅದು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊಸದು ಹಾಕಿಸಿ. ನೀರುಗೆರೆಗೂ ಚುಕ್ಕಾಣಿಯ ಮುಂದಿನ ಅಂಚಿಗೂ ಎರಡರ ಮೇಲೆ ಮೂರನೇ ಕೋಟ್ ಕೇಳಿ. ಕೋಟ್‌ಗಳ ನಡುವಿನ ಗಡುವು, ನೀರಿಗಿಳಿಸುವ ಗಡುವು ಎರಡೂ ಡಬ್ಬಿಯ ಮೇಲಿರುತ್ತವೆ, ಓದಿಸಿ. ಸಂದಿ ಕೆಲಸದ ಕೂಲಿ ಇಷ್ಟು ಅಡಿ ಉದ್ದಕ್ಕೆ ಇಷ್ಟು ಎಂಬ ಲೆಕ್ಕ, ಸಾಮಾನಿನ ಹಣ ಬೇರೆ. ಸ್ಟೀಲ್ ಬೋಟ್ ಇದ್ದವರು ಇಲ್ಲಿಗೆ ತರಬೇಡಿ, ತುಕ್ಕು ಹಾರಿಸುವ ಸ್ಯಾಂಡ್ ಬ್ಲಾಸ್ಟಿಂಗ್ ಇಲ್ಲಿಲ್ಲ. ಮರದ ಬೋಟ್‌ನವರು ಏಪ್ರಿಲ್‌ನಲ್ಲೇ ಬಂದು ಜಾಗ ಹೇಳಿಡಿ.