ಕಾಸರಗೋಡಿನಲ್ಲೇ ಕೂತು ಕಾಸರಗೋಡಿನ ಶಾಲೆಯ ಸಿನಿಮಾ ನೋಡಿದ್ದು

ಮೊನ್ನೆ ಆದಿತ್ಯವಾರ ಸಂಜೆ ನಮ್ಮ ಊರಿನ ವಾಚನಾಲಯದಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಯಾರದ್ದೋ ಪ್ರೊಜೆಕ್ಟರ್ ತಂದು 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಸಿನಿಮಾ ಹಾಕಿದ್ರು, ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಒಂದು ಕನ್ನಡ ಶಾಲೆ ಮುಚ್ಚಿಸ್ಲಿಕ್ಕೆ ಹೊರಟಾಗ ಅದನ್ನು ಉಳಿಸ್ಲಿಕ್ಕೆ ನೋಡುವ ಕಥೆ. ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಊರು, ಮಕ್ಕಳು ದೊಡ್ಡವರು ಎಲ್ಲ ಸೇರಿ ಒಂದು ನಲವತ್ತು ಜನ ಇದ್ದಿರಬಹುದು. ನಾನು ಇದನ್ನು 2018ರ ಆಗಸ್ಟಲ್ಲಿ ರಿಲೀಸ್ ಆದಾಗಲೇ ಮಂಗಳೂರಿಗೆ ಬಸ್ಸಲ್ಲಿ ಹೋಗಿ ಥಿಯೇಟರಲ್ಲಿ ನೋಡಿದ್ದೆ, ಆಗ ಸುತ್ತ ಕೂತವರೆಲ್ಲ ತಲಪಾಡಿ ಗಡಿಯ ಆಚೆಯವರು, ಕರ್ನಾಟಕದವರು, ಅವರು ನಕ್ಕಲ್ಲಿ ನಾನೂ ನಕ್ಕೆ, ಅವರು ಚಪ್ಪಾಳೆ ಹೊಡೆದಲ್ಲಿ ನಾನೂ ಹೊಡೆದೆ, ಕಣ್ಣಲ್ಲಿ ನೀರು ಬಂದದ್ದು ಮಾತ್ರ ನನ್ನದೇ. ಈ ಸಲ ನಮ್ಮವರೊಟ್ಟಿಗೆ ಕೂತು ನೋಡಿದಾಗ ಸಿನಿಮಾವೇ ಬೇರೆ ಆಯ್ತು. ನಮ್ಮ ಜನ ಬಾಯಿ ಮುಚ್ಚಿ ಸಿನಿಮಾ ನೋಡುವವರಲ್ಲ, ಪ್ರತಿ ಸೀನಿಗೂ ಒಂದು ಅಭಿಪ್ರಾಯ ಹೇಳ್ಲಿಕ್ಕುಂಟು. ನಾವು ಯಾರೂ ಸಿನಿಮಾ ಕಲಿತವರಲ್ಲ, ಆದ್ರೆ ಇದು ನಮ್ಮ ಮಕ್ಕಳ ಶಾಲೆಯ ವಿಷಯ, ಹಾಗಾಗಿ ನಮಗೆ ಕಂಡದ್ದನ್ನು ಬರೀತಿದ್ದೇನೆ. ಕಥೆ ಪೂರ್ತಿ ಹೇಳುದಿಲ್ಲ, ನೋಡದವರು ಹೆದರ್ಬೇಡಿ.

ಮೊದಲು ಒಳ್ಳೆಯದ್ದು ಹೇಳ್ತೇನೆ, ಅದು ಜಾಸ್ತಿ ಉಂಟು. ಮಕ್ಕಳು. ಪ್ರವೀಣ, ಮಮ್ಮುಟ್ಟಿ, ಪಲ್ಲವಿ ಮತ್ತೆ ಆ ಇಡೀ ಗುಂಪು. ರಂಜನ್, ಸಂಪತ್, ಸಪ್ತಾ ಪಾವೂರು ಅಂತ ಹೆಸರು ಆ ಮೂರು ಮಕ್ಕಳದ್ದು, ಒಬ್ಬರಾದ್ರೂ ಆಕ್ಟಿಂಗ್ ಮಾಡ್ತಿದ್ದಾರೆ ಅಂತ ಅನಿಸುದಿಲ್ಲ ಮಾರಾಯ್ರೆ. ಸಿನಿಮಾದ ಮಕ್ಕಳು ಅಂದ್ರೆ ಸಾಮಾನ್ಯ ದೊಡ್ಡವರ ಡೈಲಾಗನ್ನು ಸಣ್ಣ ಸ್ವರದಲ್ಲಿ ಹೇಳುವವರು, ಇಲ್ಲಿ ಹಾಗಲ್ಲ, ಇವರು ಗುಟ್ಟು ಮಾತಾಡುದು, ಒಬ್ಬ ಸಿಕ್ಕಿ ಬಿದ್ರೆ ಉಳಿದವರು ನೆಲ ನೋಡುದು, ಇಷ್ಟದ ಹುಡುಗಿ ಎದುರಿಗೆ ಬಂದ್ರೆ ನಡಿಗೆಯೇ ಬೇರೆ ಆಗುದು, ಎಲ್ಲ ನಮ್ಮ ಶಾಲೆಯ ಜಗಲಿಯಲ್ಲಿ ನಡೆದದ್ದೇ. ಮುಂದೆ ಚಾಪೆ ಹಾಕಿ ಕೂತ ಮಕ್ಕಳು ನಮಗಿಂತ ಮೊದಲೇ ನಗ್ತಿದ್ರು, ಜೋಕ್ ಬರುವ ಮೊದಲೇ, ಯಾಕೆಂದ್ರೆ ಮುಖ ನೋಡಿಯೇ ಅವರಿಗೆ ಗೊತ್ತಾಗ್ತಿತ್ತು ಈಗ ಎಂತ ಆಗ್ತದೆ ಅಂತ. ರಿಷಬ್ ಶೆಟ್ಟಿಯ ಡೈರೆಕ್ಷನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ, ಮಕ್ಕಳನ್ನು ಮಕ್ಕಳಾಗಿ ಬಿಟ್ಟದ್ದು. 66ನೇ ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಮಕ್ಕಳ ಚಿತ್ರ ಅಂತ ಕೊಟ್ರಲ್ಲ, ಸರಿಯಾದ ಕೈಗೇ ಹೋಯ್ತು.

ಮತ್ತೆ ಆ ಗಣಿತದ ಕ್ಲಾಸ್. ಕನ್ನಡ ಶಾಲೆಗೆ ಮಲಯಾಳ ಮಾತ್ರ ಬರುವ ಗಣಿತ ಮಾಷ್ಟ್ರು ಬರುವ ಭಾಗ. ಮಂಗಳೂರಲ್ಲಿ ಥಿಯೇಟರ್ ಇಡೀ ಬಿದ್ದು ಬಿದ್ದು ನಕ್ಕಿತ್ತು. ಇಲ್ಲಿ ನಮ್ಮ ವಾಚನಾಲಯದಲ್ಲಿ ಮಕ್ಕಳು ನಕ್ಕರು, ಹಿಂದೆ ಕೂತ ತಾಯಂದಿರು ನಗಲಿಲ್ಲ. ಯಾಕಂತ ನನಗೆ ಗೊತ್ತುಂಟು. ನನ್ನ ಅಕ್ಕನ ಮಗಳು ಹೈಸ್ಕೂಲಲ್ಲಿ ಇದ್ದಾಗ ಒಂದು ಇಡೀ ಟರ್ಮ್ ಹೀಗೇ ಕಳೆದಿದ್ದಾಳೆ. ಮಾಷ್ಟ್ರು ಪಾಪ ಒಳ್ಳೆಯವರೇ, ಅವರ ತಪ್ಪಲ್ಲ, ಲಿಸ್ಟಲ್ಲಿ ಹೆಸರು ಬಂತು, ಕನ್ನಡ ಮೀಡಿಯಂ ಪೋಸ್ಟಿಗೆ ಹಾಕಿದ್ರು, ಅವರಿಗೆ ಕನ್ನಡ ಓದ್ಲಿಕ್ಕೂ ಬರುದಿಲ್ಲ. ಬೋರ್ಡಲ್ಲಿ ಲೆಕ್ಕ ಬರೀತಾರೆ, ಮಕ್ಕಳು ಕಾಪಿ ಮಾಡ್ತಾರೆ, ಅಷ್ಟೇ. ಅವರು 'ಚತುರಂ' ಅಂದ್ರೆ ಇವಳ ಪುಸ್ತಕದಲ್ಲಿ ಅದು 'ಆಯತ', ಚತುರ ಅಂದ್ರೆ ನಮಗೆ ಬುದ್ಧಿವಂತ. ಅವರು 'ವರ' ಅಂದ್ರೆ ಗೆರೆ, ನಮಗೆ ಮದುಮಗ. ಅವರು 'ಪೂಜ್ಯಂ' ಅಂದ್ರೆ ಸೊನ್ನೆ, ನಮ್ಮಲ್ಲಿ ಪೂಜ್ಯ ಅಂತ ಬರೆಯುದು ಗುರುಗಳ ಹೆಸರಿಗಿಂತ ಮೊದಲು. ಒಂದು ದಿನ ಕೇಳಿದ್ರೆ ತಮಾಷೆಯೇ, ಆದ್ರೆ ಪರೀಕ್ಷೆ ಹತ್ತಿರ ಬಂದಾಗ ಆ ಹುಡುಗಿ ರಾತ್ರಿ ಹತ್ತು ಗಂಟೆಗೆ ಪುಸ್ತಕ ಹಿಡ್ಕೊಂಡು ಕಣ್ಣೀರು ಹಾಕ್ತಾ ಕೂತದ್ದನ್ನು ನಾನು ನೋಡಿದ್ದೇನೆ. ಸಿನಿಮಾ ಈ ತಮಾಷೆಯನ್ನು ಎಷ್ಟು ಚಂದ ತೋರಿಸಿತೋ ಆ ಕಣ್ಣೀರಿನ ಹತ್ತಿರ ಅಷ್ಟು ಹೊತ್ತು ನಿಲ್ಲಲಿಲ್ಲ ಅಂತ ನನಗೆ ಬೇಜಾರು. ಮೊನ್ನೆ ಅಕ್ಕ ನನ್ನ ಪಕ್ಕದಲ್ಲೇ ಇದ್ದಳು, ಆ ಸೀನ್ ಮುಗಿಯುವವರೆಗೆ ಮಾತಾಡಲಿಲ್ಲ.

ಈಗ ನಮ್ಮ ಜನ ಹಿಡಿದ ತಪ್ಪುಗಳು. ಮೊದಲನೇದು ಟೈಟಲ್ಲೇ! ನಮ್ಮಲ್ಲಿ 'ಸರಕಾರಿ ಹಿರಿಯ ಪ್ರಾಥಮಿಕ ಶಾಲೆ' ಅಂತ ಯಾರು ಹೇಳ್ತಾರೆ ಹೇಳಿ, ಅದು ಕರ್ನಾಟಕದ ಬೋರ್ಡ್. ಇಲ್ಲಿ ನಾಲ್ಕನೇ ಕ್ಲಾಸಿನವರೆಗೆ ಎಲ್.ಪಿ. (ಲೋವರ್ ಪ್ರೈಮರಿ), ಏಳರವರೆಗೆ ಯು.ಪಿ. (ಅಪ್ಪರ್ ಪ್ರೈಮರಿ), ಸರಕಾರದ್ದಾದ್ರೆ ಜಿ.ಯು.ಪಿ.ಎಸ್., ಮೆನೇಜ್‌ಮೆಂಟಿನದ್ದಾದ್ರೆ ಎ.ಯು.ಪಿ.ಎಸ್. ರಿಟೈರ್ಡ್ ಟೀಚರ್ ಒಬ್ಬರು ಹೆಸರು ಪರದೆಯಲ್ಲಿ ಬಂದ ಕೂಡ್ಲೇ ಇದನ್ನು ಹೇಳಿದ್ರು, ಮೂವತ್ತು ವರ್ಷ ಆ ಹಾಜರಿ ಪುಸ್ತಕ ಬರೆದವರಿಗೆ ಕಾಣದೆ ಇರ್ತದಾ. ಶೂಟಿಂಗ್ ಆದ ಶಾಲೆಯೂ ನಮ್ಮದಲ್ಲ, ಕೈರಂಗಳದ್ದು, ಗಡಿಯಿಂದ ಆಚೆ ದಕ್ಷಿಣ ಕನ್ನಡದ್ದು. ಅದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ಅದೇ ಕೆಂಪು ಮಣ್ಣು, ಅದೇ ಹಂಚಿನ ಮಾಡು, ಅದೇ ಮಳೆ. ತಕರಾರಿರುದು ಭಾಷೆಯಲ್ಲಿ. ಎಲ್ಲರ ಬಾಯಲ್ಲೂ ಬರುದು ಮಂಗಳೂರು ಕನ್ನಡ, ಕೇಳ್ಲಿಕ್ಕೆ ಚಂದವೇ, ಆದ್ರೆ ನಮ್ಮ ಊರಿನ ಒಂದು ಹುಡುಗ ಮನೆಯಲ್ಲಿ ತುಳು ಅಥವಾ ಹವಿಗನ್ನಡ ಅಥವಾ ಮರಾಠಿ ಅಥವಾ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಬಸ್ಸಲ್ಲಿ ಕಂಡಕ್ಟರ್ ಹತ್ರ ಮಲಯಾಳದಲ್ಲಿ ಚಿಲ್ಲರೆ ಕೇಳ್ತಾನೆ, ಒಂದೇ ವಾಕ್ಯದಲ್ಲಿ ಮೂರು ಭಾಷೆ ಬಂದು ಹೋಗ್ತದೆ, ಅವನಿಗೆ ಅದು ಗೊತ್ತೂ ಆಗುದಿಲ್ಲ. ಸಪ್ತಭಾಷಾ ಭೂಮಿ ಅಂತ ಭಾಷಣದಲ್ಲಿ ಹೇಳುದು ಇದನ್ನೇ ಅಲ್ವಾ. ಇಷ್ಟು ಚಂದದ ಮಕ್ಕಳು ಸಿಕ್ಕಿದ್ದಾಗ ಅವರ ಬಾಯಲ್ಲಿ ಆ ಮಿಶ್ರಣ ಸ್ವಲ್ಪ ಜಾಸ್ತಿ ಬಂದಿದ್ರೆ ಸಿನಿಮಾ ಇನ್ನೂ ನಮ್ಮದಾಗ್ತಿತ್ತು.

ಇದಕ್ಕೇ ಸೇರಿದ್ದು ಇನ್ನೊಂದು. ನಮ್ಮ ಪಕ್ಕದ ಮನೆಯ ಏಟ್ಟನೂ (ಮಲಯಾಳದಲ್ಲಿ ಅಣ್ಣ) ಬಂದಿದ್ರು ಸಿನಿಮಾಕ್ಕೆ, ಮಲಯಾಳಿ, ಆದ್ರೆ ಇಬ್ಬರು ಮಕ್ಕಳನ್ನೂ ಏಳರವರೆಗೆ ಇದೇ ಕನ್ನಡ ಶಾಲೆಗೆ ಕಳಿಸಿದವರು. ಮುಗಿದ ಮೇಲೆ ಅವರು ಮೆಲ್ಲ ಹೇಳಿದ್ದು, "ನಲ್ಲ ಪಡಂ (ಒಳ್ಳೆ ಸಿನಿಮಾ), ಆದ್ರೆ ನಮ್ಮವರಲ್ಲಿ ಒಬ್ಬನಾದ್ರೂ ಒಳ್ಳೆಯವ ಇರ್ಬೇಕಿತ್ತು." ನನಗೆ ಉತ್ತರ ಕೊಡ್ಲಿಕ್ಕಾಗಲಿಲ್ಲ. ಶಾಲೆ ಮುಚ್ಚಿಸ್ಲಿಕ್ಕೆ ನಿಂತ ಆ ಆಫೀಸರ್ ಪಾತ್ರ ಶುರುವಿಂದ ಕೊನೆವರೆಗೆ ಒಂದೇ ಬಣ್ಣ, ಕೆಟ್ಟವ ಅಂದ್ರೆ ಕೆಟ್ಟವ. ಕನ್ನಡ ಶಾಲೆಗೆ ಅನ್ಯಾಯ ಆಗುದು ಹೆಚ್ಚಾಗಿ ಒಬ್ಬ ದುಷ್ಟನಿಂದಲ್ಲ, ದೂರದ ಆಫೀಸಲ್ಲಿ ಕೂತವರಿಗೆ ಇಲ್ಲಿ ಇನ್ನೊಂದು ಭಾಷೆ ಉಂಟು ಅಂತ ನೆನಪೇ ಆಗದ್ದರಿಂದ. ಮತ್ತೆ ಇನ್ನೊಂದು ಕಾರಣ ನಾವೇ, ನಮ್ಮ ಊರಲ್ಲೇ ಬೆಳಿಗ್ಗೆ ಏಳೂವರೆಗೆ ಇಂಗ್ಲಿಷ್ ಮೀಡಿಯಂ ವ್ಯಾನ್ ಮೂರು ಬರ್ತವೆ, ಅದರಲ್ಲಿ ಹೋಗುದು ಕನ್ನಡ ಸಂಘದವರ ಮಕ್ಕಳೂ ಹೌದು. ಈ ವಿಷಯಕ್ಕೆ ಸಿನಿಮಾದಲ್ಲಿ ಇನ್ನೂ ಜಾಗ ಸಿಗ್ಬೇಕಿತ್ತು.

ಸೆಕೆಂಡ್ ಹಾಫ್ ಬಗ್ಗೆ ವಾಚನಾಲಯದಲ್ಲಿ ದೊಡ್ಡ ಚರ್ಚೆ ಆಯ್ತು, ಚಾ ತಣ್ಣಗಾಗುವಷ್ಟು. ಮಕ್ಕಳು ಮೈಸೂರಿಗೆ ಹೊರಟು ಅಲ್ಲಿಂದ ಅನಂತಪದ್ಮನಾಭ ಅಂತ ಒಬ್ಬರನ್ನು ಕರ್ಕೊಂಡು ಬರುದು, ಮತ್ತೆ ಕೋರ್ಟು. ಅನಂತ್ ನಾಗ್ ಬಂದ ಮೇಲೆ ಬೇರೆ ಯಾರನ್ನು ನೋಡುದು, ಕಣ್ಣು ಅವರ ಮೇಲೆಯೇ. ಇಲ್ಲಿ ಸುಮಾರು ಜನಕ್ಕೆ ಗೊತ್ತಿಲ್ಲ, ಅವರು ಸಣ್ಣದಿರುವಾಗ ನಮ್ಮ ಕಾಞಂಗಾಡಿನ ಆನಂದಾಶ್ರಮದಲ್ಲಿ ಇದ್ದು ಕಲಿತವರು, ಹಾಗಾಗಿ ಅವರು ಈ ಪಾತ್ರ ಮಾಡಿದ್ದು ನನಗಂತೂ ಮನೆಯವರೇ ಬಂದ ಹಾಗೆ ಆಯ್ತು. ಕೋರ್ಟಿನ ಆ ಉದ್ದ ಮಾತಿಗೆ ಮೊನ್ನೆಯೂ ಚಪ್ಪಾಳೆ ಬಿತ್ತು. ಆದ್ರೆ ಟೀಚರ್ ಹೇಳಿದ್ರು, ಮೊದಲರ್ಧದಲ್ಲಿ ಸಿನಿಮಾ ತೋರಿಸ್ತಿತ್ತು, ಇಲ್ಲಿ ಹೇಳ್ತಾ ಉಂಟು ಅಂತ. ಒಬ್ಬರು ಅತ್ತೆ ಅದಕ್ಕೆ ಒಪ್ಪಲೇ ಇಲ್ಲ, "ಹೇಳದಿದ್ರೆ ಬೆಂಗಳೂರಿನವರಿಗೆ ಗೊತ್ತಾಗುದು ಹೇಗೆ, ಅವರಿಗೆ ಕಾಸರಗೋಡು ಎಲ್ಲಿ ಉಂಟು ಅಂತಲೇ ಗೊತ್ತಿಲ್ಲ" ಅಂತ ಜೋರು ಮಾಡಿದ್ರು. ಅತ್ತೆಯ ಮಾತಲ್ಲೂ ಸತ್ಯ ಉಂಟು, ಈ ಸಿನಿಮಾ ಬಂದ ಮೇಲೆಯೇ ನನ್ನ ಬೆಂಗಳೂರು ಆಫೀಸಿನ ಗೆಳೆಯರು "ಅಲ್ಲಿ ಕನ್ನಡ ಶಾಲೆ ಉಂಟಾ" ಅಂತ ಕೇಳಿದ್ದು.

ನನ್ನ ನೋವು ಬೇರೆ. ನಮ್ಮ ಶಾಲೆ ಉಳಿಸ್ಲಿಕ್ಕೆ ಮೈಸೂರಿಂದ ಒಬ್ಬರು ಬರ್ಬೇಕಾ? 1956ರ ನವೆಂಬರ್ 1ಕ್ಕೆ ಈ ಊರು ಕೇರಳಕ್ಕೆ ಸೇರಿದ ದಿನದಿಂದ ಇಲ್ಲಿಯವರೇ ಹೋರಾಡಿದ್ದು. ಪೆರಡಾಲದ ಶಾಲೆಯಲ್ಲಿ ಪಾಠ ಮಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಳ್ಳುವವರೆಗೂ ಇದನ್ನೇ ಹೇಳಿದ್ದು. 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗ್ಬೇಕು ಅಂತ ಬರೆದದ್ದು ಕಾಗದದಲ್ಲೇ ಉಳಿಯಿತು, ಆದ್ರೂ ಶಾಲೆಗಳು ಉಳಿದವು, ಯಾರಿಂದ? ಸಂಬಳ ತಡ ಆದ್ರೂ ಬಂದ ಟೀಚರ್‌ಗಳಿಂದ, ಮಳೆಗಾಲಕ್ಕೆ ಮೊದಲು ಮಾಡಿಗೆ ಹತ್ತಿ ಹಂಚು ಸರಿ ಮಾಡಿದ ಪಿ.ಟಿ.ಎ. (ರಕ್ಷಕ-ಶಿಕ್ಷಕ ಸಂಘ) ಅಪ್ಪಂದಿರಿಂದ. 2017ರಲ್ಲಿ ಎಲ್ಲ ಶಾಲೆಗೂ ಮಲಯಾಳ ಕಡ್ಡಾಯ ಅಂತ ಬಂದಾಗ ರಸ್ತೆಗೆ ಇಳಿದದ್ದೂ ಇಲ್ಲಿಯ ಜನ. ಸಿನಿಮಾದಲ್ಲಿ ಊರಿನವರು ಪಾಪದವರು, ತಮಾಷೆಯವರು, ಗೊತ್ತಾಗದವರು. ಸಂವಿಧಾನದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡ್ಬೇಕು ಅಂತ ಹೇಳುವ ವಿಧಿ, ನಮ್ಮ ಟೀಚರ್‌ಗೆ ಬಾಯಿಪಾಠ ಉಂಟು. ಅಂಥ ಒಂದು ಟೀಚರ್ ಪಾತ್ರ ಕೋರ್ಟಲ್ಲಿ ಎದ್ದು ನಿಂತು ಮಾತಾಡಿದ್ರೆ, ಅನಂತ್ ನಾಗ್ ಪಕ್ಕದಲ್ಲಿ ಇದ್ರೆ, ನಾನು ಇವತ್ತು ಈ ಪ್ಯಾರಾ ಬರೀತಿರಲಿಲ್ಲ.

ಉಳಿದದ್ದು ಬೇಗ ಹೇಳ್ತೇನೆ. ವಾಸುಕಿ ವೈಭವ್ ಹಾಡುಗಳು ಸೂಪರ್, 'ದಡ್ಡ ಪ್ರವೀಣ' ಮಕ್ಕಳೆಲ್ಲ ಒಟ್ಟಿಗೆ ಹಾಡಿದ್ರು, ಒಂದು ಸಾಲು ತಪ್ಪದೆ. ಭುಜಂಗನ ಪಾತ್ರ ಬಂದಾಗೆಲ್ಲ ನಗು, ಅದನ್ನು ಮಾಡಿದ ಪ್ರಕಾಶ್ ತೂಮಿನಾಡು ನಾಟಕದವರು, ತೂಮಿನಾಡು ಅಂದ್ರೆ ನಮ್ಮ ಮಂಜೇಶ್ವರದ ಹತ್ತಿರವೇ, ಅವರ ಟೈಮಿಂಗ್ ನೋಡಿದ್ರೆ ಸ್ಟೇಜಲ್ಲಿ ಪಳಗಿದ್ದು ಗೊತ್ತಾಗ್ತದೆ. ಹತ್ತಿರ ಹತ್ತಿರ ಎರಡೂವರೆ ಗಂಟೆ ಸ್ವಲ್ಪ ಉದ್ದ, ಮೈಸೂರಿನ ಭಾಗದಲ್ಲಿ ಹತ್ತು ನಿಮಿಷ ಕತ್ತರಿಸಿದ್ರೆ ನಷ್ಟ ಇರಲಿಲ್ಲ, ಆಗ ಸಣ್ಣ ಮಕ್ಕಳು ಇಬ್ಬರು ಚಾಪೆಯಲ್ಲೇ ನಿದ್ದೆ ಹೋಗಿದ್ರು.

ಐದರಲ್ಲಿ ನನ್ನದು ನಾಲ್ಕು. ಟೀಚರದ್ದು ಮೂರು, ಅತ್ತೆಯದ್ದು ಐದಕ್ಕೆ ಐದು, ಏಟ್ಟ ನಂಬರ್ ಹೇಳಲಿಲ್ಲ. ಮನೆಯಲ್ಲಿ ಏಳನೇ ಕ್ಲಾಸಿನ ಆಸುಪಾಸಿನ ಮಕ್ಕಳಿದ್ರೆ ಖಂಡಿತ ಒಟ್ಟಿಗೆ ಕೂತು ನೋಡಿ, ಮಲಯಾಳಿ ಗೆಳೆಯರಿದ್ರೆ ಅವರನ್ನೂ ಕರೀರಿ. ಮುಗಿದ ಮೇಲೆ ಬಟ್ಟೆ ಬಿಚ್ಚಿ ಮಡಚುವಾಗ ಅಕ್ಕನ ಮಗಳು, ಈಗ ಕಾಲೇಜಿಗೆ ಹೋಗ್ತಾಳೆ, ಮುಂದೆ ಕೂತ ಮಕ್ಕಳಿಗೆ 'ಚತುರಂ' ಅಂದ್ರೆ ಆಯತ, 'ಸಮಚತುರಂ' ಅಂದ್ರೆ ಚೌಕ ಅಂತ ನೆಲದಲ್ಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸ್ತಿದ್ದಳು, ಅವರ ಶಾಲೆಗೂ ಈ ವರ್ಷ ಹೊಸ ಗಣಿತ ಮಾಷ್ಟ್ರು ಬಂದಿದ್ದಾರಂತೆ.