ದೀನಬಂಧು ಗೋಬರ್ ಗ್ಯಾಸ್: ವರ್ಷಗಟ್ಟಲೆ ಬಳಸಿದವಳ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ. ಕೊಟ್ಟಿಗೆಯಲ್ಲಿ ದನ ಇದ್ದು, ದಿನಾ ಬೆಳಿಗ್ಗೆ ಸಗಣಿ ಕಲಸುವವರು ಮನೆಯಲ್ಲಿ ಒಬ್ಬರಿದ್ದರೆ ಹಳ್ಳಿಮನೆಗೆ ಗೋಬರ್ ಗ್ಯಾಸ್‌ನಷ್ಟು ಉಪಕಾರಿ ವಸ್ತು ಇನ್ನೊಂದಿಲ್ಲ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಕಟ್ಟಿಸಬೇಡಿ. ಸುಮ್ನೆ ಸಿಮೆಂಟು, ಇಟ್ಟಿಗೆ, ದುಡ್ಡು ಮೂರೂ ಮಣ್ಣಿಗೆ ಹೋಗುತ್ತವೆ.

ನಮ್ಮದು ಶಿರಸಿಯಿಂದ ಸ್ವಲ್ಪ ಒಳಗಿನ ಹಳ್ಳಿ. ಅಡಿಕೆ ತೋಟ, ಅದಕ್ಕೆ ತಾಗಿ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ದರಕು ತರುವ ಕಾಡು; ದರಕು ಅಂದರೆ ಉದುರಿದ ಒಣ ಎಲೆ), ಮನೆ ಹಿಂದೆ ಕೊಟ್ಟಿಗೆ. ನಾನು ಮದುವೆಯಾಗಿ ಬರುವಾಗ ಇಲ್ಲಿ ಒಂದು ಹಳೇ ಪ್ಲಾಂಟ್ ಇತ್ತು, ಕಬ್ಬಿಣದ ಡ್ರಮ್ ತೇಲುವ ಮಾದರಿಯದು. ನಮ್ಮ ಮಳೆಗೆ ಡ್ರಮ್ ತುಕ್ಕು ಹಿಡಿದು ಅಂಚಿನಲ್ಲಿ ತೂತಾಗಿತ್ತು. ಅದನ್ನು ಬಿಟ್ಟು ದೀನಬಂಧು ಕಟ್ಟಿಸಿದೆವು. ಇದು 1984ರಲ್ಲಿ ಬಂದ ಮಾದರಿ, ದೆಹಲಿಯ ಅಫ್‌ಪ್ರೋ (AFPRO) ಎಂಬ ಸಂಸ್ಥೆ ರೂಪಿಸಿದ್ದು. ಪೂರ್ತಿ ನೆಲದೊಳಗೆ, ಇಟ್ಟಿಗೆ ಸಿಮೆಂಟಿನ ಗುಮ್ಮಟ. ಮೇಲೆ ಕಾಣುವುದು ಕಲಸುವ ತೊಟ್ಟಿ, ಸ್ಲರಿ (ಗ್ಯಾಸ್ ಬಿಟ್ಟ ಮೇಲೆ ಹೊರಗೆ ಬರುವ ಸಗಣಿ ರಾಡಿ) ಬೀಳುವ ತೊಟ್ಟಿ ಮತ್ತು ಗ್ಯಾಸ್ ಪೈಪ್, ಅಷ್ಟೇ. ಅಲ್ಲಾಡುವ ಭಾಗ ಒಂದೂ ಇಲ್ಲ. ತುಕ್ಕು ಹಿಡಿಯುವಂಥದ್ದು ಏನೂ ಇಲ್ಲ. ಮಳೆಸೀಮೆಯಲ್ಲಿ ಇದೇ ಅದರ ದೊಡ್ಡ ಗುಣ.

ನಮ್ಮದು ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಪ್ಲಾಂಟ್. ಲೆಕ್ಕ ಸುಲಭ. ಒಂದು ಕಿಲೋ ಹಸಿ ಸಗಣಿಗೆ ಹೆಚ್ಚುಕಡಿಮೆ 40 ಲೀಟರ್ ಗ್ಯಾಸ್. ಅಂದರೆ 2 ಘನ ಮೀಟರ್ ಬೇಕಾದರೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ನಾಲ್ಕೈದು ದನ ಸಾಕು ಅಂತ ಎಲ್ಲ ಕಡೆ ಬರೆದಿರುತ್ತಾರೆ, ಆದರೆ ಯಾವ ದನ ಅಂತ ಬರೆದಿರುವುದಿಲ್ಲ. ನಮ್ಮ ಮಲೆನಾಡು ಗಿಡ್ಡ ಸಣ್ಣ ಆಕಳು, ಬೆಳಿಗ್ಗೆ ಬಿಟ್ಟರೆ ಸಂಜೆವರೆಗೆ ಬೆಟ್ಟದಲ್ಲಿ ಮೇಯುತ್ತದೆ, ಹಗಲಿನ ಸಗಣಿ ಅಲ್ಲೇ ಬೀಳುತ್ತದೆ. ರಾತ್ರಿ ಕೊಟ್ಟಿಗೆಯಲ್ಲಿ ಸಿಗುವುದಷ್ಟೇ ನಿಮ್ಮ ಲೆಕ್ಕಕ್ಕೆ. ಬರೀ ಗಿಡ್ಡ ಸಾಕಿದವರು ಇದನ್ನು ಯೋಚಿಸಿಯೇ ಅಳತೆ ಹೇಳಬೇಕು. ನಮ್ಮಲ್ಲಿ ಕಟ್ಟಿ ಹಾಕಿ ಸಾಕುವ ಎರಡು ಜರ್ಸಿ ಮತ್ತು ಒಂದು ಎಮ್ಮೆ ಇರುವುದರಿಂದ ಪ್ಲಾಂಟಿಗೆ ಹೊಟ್ಟೆ ತುಂಬ ಸಿಗುತ್ತದೆ.

ಹೊಸದಾಗಿ ಕಟ್ಟಿದ ಮೇಲೆ ಮೊದಲ ಸಲ ತುಂಬುವಾಗ ಪಕ್ಕದ ಮನೆಯವರ ಪ್ಲಾಂಟಿನಿಂದ ಕೆಲವು ಕೊಡ ಸ್ಲರಿ ತಂದು ಸೇರಿಸಿದೆವು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ದನದ ಹೊಟ್ಟೆಯಿಂದ ಸಗಣಿಯಲ್ಲೇ ಬಂದಿರುತ್ತವೆ, ಆದರೂ ನುರಿತ ಸ್ಲರಿ ಸೇರಿಸಿದರೆ ಬೇಗ ಶುರುವಾಗುತ್ತದೆ. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ, ಅದರಲ್ಲಿ ಗಾಳಿ ಮತ್ತು ಇಂಗಾಲದ ಡೈಆಕ್ಸೈಡ್ ಜಾಸ್ತಿ. ಹೊರಗೆ ಬಿಟ್ಟುಬಿಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಪ್ಲಾಂಟ್ ಸರಿಯಿಲ್ಲ ಅಂತ ಗಾಬರಿಯಾಗುತ್ತಾರೆ.

ನಮ್ಮ ಪ್ಲಾಂಟಿಗೆ ನಿಜವಾದ ತೊಂದರೆ ಬಂದದ್ದು ಗುಮ್ಮಟದ ಒಳಗಿನ ಗಾರೆಯಿಂದ. ಕಟ್ಟಿದ ಮೇಸ್ತ್ರಿ ಅದನ್ನು ತೆಳ್ಳಗೆ ಬಳಿದು ಮುಗಿಸಿದ್ದ, ಗ್ಯಾಸ್ ಅಲ್ಲೇ ಸೋರಿಹೋಗುತ್ತಿತ್ತು. ಸಗಣಿ ಹಾಕುತ್ತಿದ್ದೇವೆ, ಸ್ಲರಿ ಬರುತ್ತಿದೆ, ಒಲೆಗೆ ಮಾತ್ರ ಗ್ಯಾಸ್ ಇಲ್ಲ. "ಕೂಸೆ, ಇವತ್ತೂ ಗ್ಯಾಸು ಬತ್ತಿಲ್ಲೆ" ಅಂತ ಅತ್ತೆ ದಿನಾ ಬೆಳಿಗ್ಗೆ ಒಲೆ ಮುಂದೆ ನಿಂತು ಹೇಳುತ್ತಿದ್ದರು. ಕಡೆಗೆ ಇನ್ನೊಬ್ಬ ಅನುಭವಸ್ಥ ಮೇಸ್ತ್ರಿ ಬಂದು, ಪೂರ್ತಿ ಖಾಲಿ ಮಾಡಿಸಿ, ಒಳಗೆ ಚೆನ್ನಾಗಿ ಗಾಳಿ ಆಡಿಸಿದ ಮೇಲೇ ಇಳಿದು ಮತ್ತೆ ಗಾರೆ ಮಾಡಿದ. ಆಮೇಲೆ ಇವತ್ತಿನವರೆಗೂ ಗುಮ್ಮಟಕ್ಕೆ ಕೈ ಹಾಕಿಲ್ಲ. ಹಾಗಾಗಿ ದುಡ್ಡು ಉಳಿಸುವುದಿದ್ದರೆ ಬೇರೆ ಎಲ್ಲಾದರೂ ಉಳಿಸಿ, ಮೇಸ್ತ್ರಿಯಲ್ಲಿ ಉಳಿಸಬೇಡಿ. ದೀನಬಂಧು ಕಟ್ಟಿ ಗೊತ್ತಿರುವವನೇ ಬೇಕು, ಮನೆ ಕಟ್ಟುವ ಮೇಸ್ತ್ರಿ ಆಗುವುದಿಲ್ಲ. ಅವನು ಹಿಂದೆ ಕಟ್ಟಿದ ಪ್ಲಾಂಟ್ ಇರುವ ಮನೆಗೆ ಹೋಗಿ, ಒಲೆ ಹಚ್ಚಿ ನೋಡಿ ಬನ್ನಿ.

ದಿನದ ಕೆಲಸ ಏನು ಅಂತ ಎಲ್ಲರೂ ಕೇಳುತ್ತಾರೆ. ಹಾಲು ಕರೆದಾದ ಮೇಲೆ ಸಗಣಿ ಬಾಚಿ ತೊಟ್ಟಿಗೆ ಹಾಕುವುದು, ನೀರು ಸೇರಿಸಿ ಗಂಟು ಒಡೆದು ಕಲಸುವುದು, ಮೇಲೆ ತೇಲುವ ಹುಲ್ಲುಕಡ್ಡಿ ತೆಗೆಯುವುದು, ಬಿರಡೆ ಎಳೆದು ಒಳಗೆ ಬಿಡುವುದು. ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಹುಲ್ಲುಕಡ್ಡಿ ತೆಗೆಯದೆ ಬಿಟ್ಟರೆ ಒಳಗೆ ಮೇಲ್ಗಡೆ ಕೆನೆಗಟ್ಟಿ ಗ್ಯಾಸ್ ಏಳುವುದಕ್ಕೆ ಬಿಡುವುದಿಲ್ಲ. ಮಣ್ಣು, ಮರಳು ಹೋದರೆ ತಳದಲ್ಲಿ ಕೂತು ಜಾಗ ತಿನ್ನುತ್ತದೆ. ಕಲಸುವುದಕ್ಕೆ ನಾವು ಬಾವಿ ನೀರು ಬಳಸುವುದಿಲ್ಲ, ಕೊಟ್ಟಿಗೆ ತೊಳೆದ ನೀರೇ ಸಾಕು. ಅದಕ್ಕೋಸ್ಕರ ಕೊಟ್ಟಿಗೆಗೆ ಫಿನಾಯಿಲ್ ಹಾಕುವುದನ್ನು ಬಿಟ್ಟೆವು. ಫಿನಾಯಿಲ್, ಸೋಪಿನ ನೀರು ಒಳಗೆ ಹೋದರೆ ಆ ಸೂಕ್ಷ್ಮಜೀವಿಗಳು ಸಾಯುತ್ತವೆ, ಗ್ಯಾಸ್ ನಿಲ್ಲುತ್ತದೆ. ಹೀಗೆ ಒಂದು ಅಭ್ಯಾಸ ಇನ್ನೊಂದನ್ನು ಎಳೆದು ತಂದಿತು. ಬಚ್ಚಲಿನ ನೀರು ಬೇರೆ ಪೈಪಿನಲ್ಲಿ ಬಾಳೆಬುಡಕ್ಕೆ ಹೋಗುವ ಹಾಗೆ ಮಾಡಿದ್ದೂ ಇದೇ ಕಾರಣಕ್ಕೆ. ಪರಿಸರ ಉಳಿಸಬೇಕು ಅಂತ ಯಾರೋ ಭಾಷಣ ಮಾಡಿದ್ದಕ್ಕೆ ನಾವು ಬದಲಾಗಿದ್ದಲ್ಲ, ಬೆಳಿಗ್ಗೆ ದೋಸೆಗೆ ಗ್ಯಾಸ್ ಬೇಕಿತ್ತು.

ಅಡುಗೆಮನೆ ವಿಷಯಕ್ಕೆ ಬರೋಣ. ಉರಿ ನೀಲಿ ಬಣ್ಣ, ಹೊಗೆ ಇಲ್ಲ, ಪಾತ್ರೆ ತಳ ಕಪ್ಪಾಗುವುದಿಲ್ಲ. ಸಿಲಿಂಡರ್ ಗ್ಯಾಸಿನ ರಭಸ ಇದಕ್ಕಿಲ್ಲ, ಇದನ್ನು ಮುಚ್ಚಿಡುವುದು ಬೇಡ. ಈ ಗ್ಯಾಸಿನಲ್ಲಿ ಉರಿಯುವ ಮಿಥೇನ್ ನೂರಕ್ಕೆ 55-60 ಭಾಗ, ಉಳಿದದ್ದು ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್. ಒತ್ತಡವೂ ಕಡಿಮೆ. ಅದಕ್ಕೇ ಇದರ ಒಲೆ ಬೇರೆ, ಜೆಟ್ಟಿನ ತೂತು ದೊಡ್ಡದು. ಸಿಲಿಂಡರ್ ಒಲೆಗೆ ಪೈಪ್ ಸಿಕ್ಕಿಸಿದರೆ ನಡೆಯುವುದಿಲ್ಲ. ತೆಳ್ಳೇವು (ತೆಳ್ಳಗಿನ ದೋಸೆ) ಹುಯ್ಯುವುದಕ್ಕೆ, ಅನ್ನಕ್ಕೆ, ಸಾರಿಗೆ, ಕಷಾಯಕ್ಕೆ, ಹಾಲು ಕಾಯಿಸುವುದಕ್ಕೆ ಆರಾಮ. ತೆಳ್ಳೇವಿಗಂತೂ ಈ ಸಮಾಧಾನದ ಉರಿಯೇ ಒಳ್ಳೆಯದು, ಕಾವಲಿ ಕಾದು ಸೀಯುವುದಿಲ್ಲ. ಹಲಸಿನ ಚಿಪ್ಸ್ ಕರಿಯುವ ದಿನ ಮಾತ್ರ ಆಗುವುದಿಲ್ಲ. ದೊಡ್ಡ ಬಾಣಲೆ, ಎಣ್ಣೆ ಕಾಯುವುದೇ ನಿಧಾನ, ಅಷ್ಟರಲ್ಲಿ ಗ್ಯಾಸ್ ಇಳಿದಿರುತ್ತದೆ. ಆ ದಿನ ಕಟ್ಟಿಗೆ ಒಲೆಯೇ ಸರಿ.

ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.43 ಕಿಲೋ ಸಿಲಿಂಡರ್ ಗ್ಯಾಸಿಗೆ ಸಮ. ನಮ್ಮ ಅಳತೆಯ ಪ್ಲಾಂಟ್ ಪೂರ್ತಿ ಕೆಲಸ ಮಾಡಿದರೆ 14.2 ಕಿಲೋ ಸಿಲಿಂಡರ್ ಒಂದರಷ್ಟು ಗ್ಯಾಸ್ 16-17 ದಿನದಲ್ಲಿ ಆಗುತ್ತದೆ. ಇದು ಬೇಸಿಗೆಯ ಲೆಕ್ಕ. ವರ್ಷವಿಡೀ ಹೀಗೇ ಬರುತ್ತದೆ ಅಂದುಕೊಳ್ಳಬೇಡಿ.

ಚಳಿಗೆ ಗ್ಯಾಸ್ ಇಳಿಯುತ್ತದೆ. ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸು ಹಿತ, 20ಕ್ಕಿಂತ ಕೆಳಗೆ ಹೋದರೆ ಮಂಕಾಗುತ್ತವೆ. ಶಿರಸಿ ಘಟ್ಟದ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿ ಚಳಿ ಒಂದು ಕಡೆ, ಆಷಾಢದಲ್ಲಿ ಬಿಸಿಲೇ ಕಾಣದೆ ಮಣ್ಣೆಲ್ಲ ತಣ್ಣಗಾಗುವುದು ಇನ್ನೊಂದು ಕಡೆ. ಆಗ ಬೆಳಗಿನ ಅಡುಗೆ ಮುಗಿಯುವ ಹೊತ್ತಿಗೆ ಉರಿ ಸಣ್ಣಗಾಗಿರುತ್ತದೆ. ನಾವು ಚಳಿಗಾಲದಲ್ಲಿ ಕಲಸಿದ ಸಗಣಿಯನ್ನು ತೊಟ್ಟಿಯಲ್ಲೇ ಬಿಸಿಲಿಗೆ ಬಿಟ್ಟು ಮಧ್ಯಾಹ್ನ ಒಳಗೆ ಬಿಡುತ್ತೇವೆ, ಗುಮ್ಮಟದ ಮೇಲೆ ದರಕು ಒಟ್ಟುತ್ತೇವೆ. ಸ್ವಲ್ಪ ಅನುಕೂಲ ಆಗುತ್ತದೆ. ಮಳೆಗಾಲದಲ್ಲಿ ಸ್ಲರಿ ತೊಟ್ಟಿಗೆ ಮಳೆನೀರು ಇಳಿಯದ ಹಾಗೆ ಮುಚ್ಚಬೇಕು. ಕಾರವಾರದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಈ ತಾಪತ್ರಯ ಇಲ್ಲ, ಕಡಲಂಚಿನ ಸೆಕೆ ಗೋಬರ್ ಗ್ಯಾಸಿಗೆ ಬಹಳ ಒಳ್ಳೆಯದು. ಅವಳಲ್ಲಿ ದನ ಇಲ್ಲ. ಅಡುಗೆಮನೆಯ ಕಸ ಹಾಕುವ ಪ್ಲಾಸ್ಟಿಕ್ ಟ್ಯಾಂಕಿನದು ಇಟ್ಟಿದ್ದಾಳೆ. ಅನ್ನ, ತರಕಾರಿ ಸಿಪ್ಪೆ ನುಣ್ಣಗೆ ಮಾಡಿ ಹಾಕಿದರೆ ಚಹಾಕ್ಕೆ, ಒಂದಿಷ್ಟು ಪಲ್ಯಕ್ಕೆ ಸಾಲುತ್ತದೆ. ಲಿಂಬೆ ಸಿಪ್ಪೆ, ಹುಳಿ ಪದಾರ್ಥ ಜಾಸ್ತಿಯಾದರೆ ಒಳಗೆಲ್ಲ ಹುಳಿಯಾಗಿ ಗ್ಯಾಸ್ ನಿಂತುಬಿಡುತ್ತದೆ. ಪೇಟೆಯವರಿಗೆ ಅದು ಸರಿ, ಆದರೆ ಅದನ್ನು ನಂಬಿ ಸಿಲಿಂಡರ್ ಬಿಡುವುದಕ್ಕೆ ಆಗುವುದಿಲ್ಲ.

ಉರಿ ಕುಣಿಯುತ್ತಿದೆ, ಪಕ್ ಪಕ್ ಅನ್ನುತ್ತಿದೆ ಅಂದರೆ ಪೈಪಿನಲ್ಲಿ ನೀರು ನಿಂತಿದೆ ಅಂತ ಅರ್ಥ. ಗ್ಯಾಸಿನ ಜೊತೆ ಬಂದ ಹಬೆ ತಣ್ಣಗಾಗಿ ನೀರಾಗುತ್ತದೆ. ಪೈಪಿನ ತಗ್ಗಿನಲ್ಲಿ ಒಂದು ನಲ್ಲಿ ಇಟ್ಟಿರುತ್ತಾರೆ, ತಿರುಗಿಸಿ ನೀರು ಬಿಟ್ಟರೆ ಸರಿಹೋಗುತ್ತದೆ. ಉರಿ ಹಳದಿಯಾದರೆ ಒಲೆಯ ಗಾಳಿ ಕಿಂಡಿ ನೋಡಿ. ಸೋರಿಕೆ ಅನುಮಾನ ಬಂದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ, ಬೆಂಕಿಕಡ್ಡಿ ಗೀರಿ ನೋಡುವುದು ಖಂಡಿತ ಬೇಡ. ಪ್ಲಾಂಟ್ ಖಾಲಿ ಇದೆ ಅಂತ ಕಂಡರೂ ಒಳಗೆ ಇಳಿಯಬೇಡಿ, ಉಸಿರು ಕಟ್ಟಿ ಜೀವ ಹೋಗುತ್ತದೆ. ಮಕ್ಕಳು, ಕರು ಓಡಾಡುವ ಮನೆಯಲ್ಲಿ ಸ್ಲರಿ ತೊಟ್ಟಿಗೆ ಕಲ್ಲಿನ ಚಪ್ಪಡಿ ಮುಚ್ಚಲೇಬೇಕು.

ಸೋರಿಕೆ ಬಗ್ಗೆ ಇನ್ನೊಂದು ಮಾತು. ಮಿಥೇನ್ ಹಾಗೇ ಗಾಳಿಗೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಉರಿಸಿದರೆ ಆ ತೊಂದರೆ ಇಲ್ಲ. ಗುಮ್ಮಟ ತುಂಬಿದ ಮೇಲೂ ಬಳಸದಿದ್ದರೆ ಗ್ಯಾಸ್ ಸ್ಲರಿ ತೊಟ್ಟಿಯ ಕಡೆಯಿಂದ ಗುಳುಗುಳು ಅಂತ ಹೊರಗೆ ಹೋಗುತ್ತದೆ. ಅದಕ್ಕೇ ಎಲ್ಲರೂ ಎರಡು ದಿನ ಮದುವೆಗೆ ಹೋಗುವುದಿದ್ದರೆ ನಾನು ಪಕ್ಕದ ಮನೆಯ ಅಕ್ಕನಿಗೆ ಹೇಳಿ ಹೋಗುತ್ತೇನೆ, ಅವರು ಬಂದು ದನದ ಹುರುಳಿ ನಮ್ಮ ಒಲೆಯಲ್ಲೇ ಬೇಯಿಸಿಕೊಳ್ಳುತ್ತಾರೆ.

ಇನ್ನು ಕಟ್ಟಿಗೆ. ಸ್ನಾನದ ನೀರು ಗೋಬರ್ ಗ್ಯಾಸಿನಲ್ಲಿ ಕಾಯಿಸುವುದು ಆಗದ ಮಾತು, ಅಷ್ಟು ಗ್ಯಾಸ್ ಇಲ್ಲ. ಹಂಡೆ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಗರಿ, ಒಣಗಿದ ಅಡಿಕೆ ಹಾಳೆ ಹಾಕುತ್ತೇವೆ. ಅಡಿಕೆ ಬೇಯಿಸುವುದಕ್ಕೆ ಅಸ್ತ್ರ ಒಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದು. ಹಳೇ ಒಲೆಗಿಂತ ಕಡಿಮೆ ಕಟ್ಟಿಗೆ ತಿನ್ನುತ್ತದೆ. ದಿನದ ಅಡುಗೆಗೆ ಅಂತ ಬೆಟ್ಟದಿಂದ ಕಟ್ಟಿಗೆ ತರುವುದು ನಿಂತಿದೆ, ನನಗೆ ಅದೇ ದೊಡ್ಡ ಸಂತೋಷ. 1983ರಲ್ಲಿ ಇದೇ ತಾಲೂಕಿನ ಸಾಲ್ಕಣಿ ಕಡೆಯ ಜನ ಮರ ಅಪ್ಪಿಕೊಂಡು ಕಾಡು ಕಡಿಯುವುದನ್ನು ತಡೆದರು. ಆ ಅಪ್ಪಿಕೋ ಚಳವಳಿ ಶುರುವಾದ ಸೀಮೆಯವರು ನಾವು. ಗುತ್ತಿಗೆದಾರನ ಕೊಡಲಿ ತಡೆದ ಮೇಲೆ ನಮ್ಮದೇ ಕತ್ತಿಯನ್ನೂ ನೋಡಿಕೊಳ್ಳಬೇಕಲ್ವಾ?

ಕಟ್ಟಿಸಿದ್ದು ಗ್ಯಾಸಿಗೆ. ಈಗ ಕೇಳಿದರೆ ನಮ್ಮನೆಯವರು ಸ್ಲರಿಗೋಸ್ಕರವೇ ಕಟ್ಟಿಸಿ ಅನ್ನುತ್ತಾರೆ. ಅದು ಸರಿಯಾದ ಮಾತು. ಸಗಣಿಯಿಂದ ಗ್ಯಾಸಾಗಿ ಹೋಗುವುದು ಮುಖ್ಯವಾಗಿ ಇಂಗಾಲ. ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲ ಸ್ಲರಿಯಲ್ಲೇ ಉಳಿಯುತ್ತವೆ. ಗೊಬ್ಬರ ಕಳೆದುಕೊಳ್ಳದೆ ಅಡುಗೆ ಪುಕ್ಕಟೆ ಆಯಿತು ಅಂದ ಹಾಗೆ. ಹಸಿ ಸಗಣಿಯ ವಾಸನೆ ಸ್ಲರಿಗೆ ಇಲ್ಲ, ನೊಣ ಕೂರುವುದಿಲ್ಲ. ಗೊಬ್ಬರಗುಂಡಿ ಪಕ್ಕ ಮೂಗು ಮುಚ್ಚಿಕೊಂಡು ಹೋಗುತ್ತಿದ್ದ ಕಾಲ ನಮ್ಮ ಮನೆಯಲ್ಲಿ ಮುಗಿಯಿತು.

ಆದರೆ ಸ್ಲರಿಯನ್ನು ಬಿಸಿಲಿಗೆ ಬಿಟ್ಟು ಒಣಗಿಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಅರ್ಧ ಲಾಭ ಅಲ್ಲೇ ಹೋಯಿತು. ನಾವು ಮಾಡುವುದು ಹೀಗೆ. ಸ್ಲರಿ ತೊಟ್ಟಿಯಿಂದ ಇಳಿಜಾರಿನಲ್ಲಿ ಎರಡು ಗುಂಡಿ, ಮೇಲೆ ಅಡಿಕೆ ಮರ ಸೀಳಿದ ದಬ್ಬೆಯ ಚಪ್ಪರ. ಬೇಸಿಗೆಯಲ್ಲಿ ಬೆಟ್ಟದಿಂದ ಗುಡಿಸಿ ತಂದ ದರಕು, ತೋಟದ ಕಸ, ಕೊಟ್ಟಿಗೆಯಲ್ಲಿ ದನ ತುಳಿದ ಸೊಪ್ಪು ಪದರ ಪದರವಾಗಿ ಹಾಕುತ್ತೇವೆ, ಸ್ಲರಿ ತಾನಾಗಿ ಹರಿದು ಅದರ ಮೇಲೆ ಬೀಳುತ್ತದೆ. ಒಣ ಎಲೆ ಅದನ್ನು ಹೀರಿಕೊಳ್ಳುತ್ತದೆ. ಒಂದು ಗುಂಡಿ ತುಂಬಿದರೆ ಇನ್ನೊಂದಕ್ಕೆ ತಿರುಗಿಸುತ್ತೇವೆ. ಕೆಲವು ತಿಂಗಳ ಮೇಲೆ ತೆಗೆದರೆ ಕಪ್ಪಗೆ, ಉದುರು ಉದುರಾಗಿ, ಎರೆಹುಳ ತುಂಬಿರುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕೈಗೆ ಅಂಟುವುದಿಲ್ಲ, ಕಾಡಿನ ಮಣ್ಣಿನ ವಾಸನೆ. ಅದನ್ನು ಮಳೆ ನಿಂತ ಮೇಲೆ ಅಡಿಕೆ ಬುಡಕ್ಕೆ ಕೊಡುತ್ತೇವೆ. ತರಕಾರಿ ಸಾಲಿಗೆ, ದನದ ನೇಪಿಯರ್ ಹುಲ್ಲಿಗೆ ಮಾತ್ರ ಸ್ಲರಿಯನ್ನೇ ನೀರು ಬೆರೆಸಿ ಹಾಕುವುದು. ಪೇಟೆಯಿಂದ ತರುವ ಗೊಬ್ಬರದ ಚೀಲ ತೀರಾ ಕಡಿಮೆಯಾಗಿದೆ.

ಅತ್ತೆಗೆ ಶುರುವಿನಲ್ಲಿ ಸಗಣಿಯ ಗ್ಯಾಸಿನಲ್ಲಿ ದೇವರ ನೈವೇದ್ಯ ಹೇಗೆ ಅನ್ನುವ ಅಳುಕಿತ್ತು. ಹೋಮಕ್ಕೂ ಬೆರಣಿ ಇಡುತ್ತೇವಲ್ಲ ಅಂತ ಅವರೇ ಸಮಾಧಾನ ಮಾಡಿಕೊಂಡರು. ಶೌಚಾಲಯವನ್ನೂ ಜೋಡಿಸುವುದಕ್ಕೆ ಬರುತ್ತದೆ, ಕೆಲವರು ಜೋಡಿಸಿದ್ದಾರೆ, ನಮ್ಮಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿಲ್ಲ. ಒತ್ತಾಯ ಮಾಡುವ ವಿಷಯ ಅಲ್ಲ ಅದು. ಅತ್ತೆಗೆ ಈಗ ವಯಸ್ಸಾಗಿದೆ, ಹೊಗೆಯಲ್ಲಿ ಒಲೆ ಊದಿ ಊದಿ ಬಂದಿದ್ದ ಕೆಮ್ಮು ಕಡಿಮೆಯಾಗಿದೆ, ಅಷ್ಟು ಸಾಕು ನನಗೆ.

ಕಟ್ಟಿಸುವ ಯೋಚನೆ ಇದ್ದರೆ ಸಹಾಯಧನ ಈಗ ಎಷ್ಟಿದೆ ಅಂತ ಪಂಚಾಯ್ತಿಯಲ್ಲಿ ಮೊದಲೇ ಕೇಳಿ, ಮಂಜೂರಾಗುವ ಮುಂಚೆ ಗುಂಡಿ ತೋಡಬೇಡಿ. ಜಾಗ ಕೊಟ್ಟಿಗೆಗೂ ಅಡುಗೆಮನೆಗೂ ಹತ್ತಿರ ಇರಲಿ, ಬಾವಿಯಿಂದ ದೂರ ಇರಲಿ, ದೊಡ್ಡ ಮರದ ಬೇರು ಬರದ ಕಡೆ ಇರಲಿ. ನಮ್ಮ ಕಡೆ ದೀಪಾವಳಿ ಕಳೆದು ನೆಲದ ನೀರು ಇಳಿದ ಮೇಲೆ ತೋಡುವುದು ಸರಿ, ಅದಕ್ಕೆ ಮುಂಚೆ ಗುಂಡಿಯಲ್ಲಿ ಒರತೆ ಏಳುತ್ತದೆ. ಒಳ್ಳೆ ಮೇಸ್ತ್ರಿಗಳು ಆ ಹೊತ್ತಿಗೆ ಖಾಲಿ ಸಿಗುವುದಿಲ್ಲ, ಚೌತಿ ಹೊತ್ತಿಗೇ ಹೇಳಿಟ್ಟುಕೊಳ್ಳಿ.